ಬೈಪಾಸ್ ಆದಮೇಲೆ ಒಂದರ ಹಿಂದೆ ಒಂದು ತೊಡಕು: ಯಾರೋ ತಪ್ಪು ಮಾಡಿದ್ದಾರೆ ಅಂತಲೇ ಅರ್ಥವಾ?

ಗಾಳಿಪಟ
ಅಪ್ಪನಿಗೆ ಬೈಪಾಸ್ ಆಗಿದೆ. ಆಪರೇಷನ್ ಚೆನ್ನಾಗಿ ಆಯಿತು ಅಂದರು, ವೆಂಟಿಲೇಟರ್ ಕೂಡ ಬೇಗ ತೆಗೆದರು. ನಾವು ಉಸಿರು ಬಿಡುವಷ್ಟರಲ್ಲಿ ಎದೆಬಡಿತ ಅಡ್ಡಾದಿಡ್ಡಿ ಆಯಿತು. ಏಟ್ರಿಯಲ್ ಫಿಬ್ರಿಲೇಷನ್ (ಎಎಫ್) ಅಂದರು. ರಾತ್ರಿ ಅಪ್ಪ ನಮ್ಮನ್ನು ಗುರುತಿಸಲಿಲ್ಲ. ಗೋಡೆ ಮೇಲೆ ಯಾರೋ ಓಡಾಡುತ್ತಿದ್ದಾರೆ ಅಂತ ಕೈ ತೋರಿಸುತ್ತಿದ್ದರು. ಆಮೇಲೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಅಂಕಿ) ಏರಿತು. ಏನು ಕೇಳಿದರೂ ಒಂದೇ ಉತ್ತರ: "ಇದೆಲ್ಲ ಆಗುತ್ತೆ, ಗಾಬರಿ ಬೇಡ."

ಈಗ ವಾರ್ಡಿಗೆ ಬಂದಿದ್ದಾರೆ, ಸುಧಾರಿಸುತ್ತಿದ್ದಾರೆ. ಆದರೆ ಆಪರೇಷನ್ನೇ ಸರಿಯಾಗಿ ಆಗಿಲ್ಲ ಅಂತ ಅಣ್ಣ ಪಟ್ಟು ಹಿಡಿದಿದ್ದಾನೆ. ಈ ಬಗ್ಗೆ ಅಧ್ಯಯನಗಳು ನಿಜವಾಗಿ ಏನು ಹೇಳುತ್ತವೆ? "ನಿಮ್ಮ ಡಾಕ್ಟರನ್ನೇ ಕೇಳಿ" ಅನ್ನುವ ಉತ್ತರ ಬೇಡ, ಕೇಳಿ ಆಗಿದೆ.

ರಾತ್ರಿಪಾಳಿ
ಹೃದಯ ಶಸ್ತ್ರಚಿಕಿತ್ಸೆಯ ಐಸಿಯುವಿನಲ್ಲಿ ನರ್ಸ್ ನಾನು. ಎಎಫ್ ಬಗ್ಗೆ ಮೊದಲು ಹೇಳುತ್ತೇನೆ. ಬೈಪಾಸ್ ಆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಅದು ಬರುತ್ತದೆ. ಜೊತೆಗೆ ವಾಲ್ವ್ ಆಪರೇಷನ್ನೂ ಆಗಿದ್ದರೆ ಇನ್ನೂ ಜಾಸ್ತಿ. ಬರುವ ಹೊತ್ತು ಕೂಡ ಬಹುತೇಕ ಗೊತ್ತಿರುವುದೇ, ಎರಡರಿಂದ ನಾಲ್ಕನೇ ದಿನದ ಒಳಗೆ. ಹೃದಯದ ಮೇಲ್ಕೋಣೆಗಳನ್ನು ಮುಟ್ಟಿರುತ್ತಾರೆ, ಮೈಯಲ್ಲೆಲ್ಲ ಉರಿಯೂತ ಇರುತ್ತದೆ, ಹೃದಯದ ಸುತ್ತ ಸ್ವಲ್ಪ ರಕ್ತ, ನೀರು ನಿಂತಿರುತ್ತದೆ. ವಯಸ್ಸಾದಷ್ಟೂ ಅಪಾಯ ಏರುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ ಬಹುಪಾಲು ಜನರಿಗೆ ಅದು ತಾನಾಗೇ ಹೋಗುತ್ತದೆ. 2016ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಆಪರೇಷನ್ ಆದಮೇಲೆ ಎಎಫ್ ಬಂದ 523 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಡಿತದ ವೇಗ ಮಾತ್ರ ಇಳಿಸಿದರು. ಇನ್ನೊಂದಕ್ಕೆ ಲಯವನ್ನೇ ಸರಿಪಡಿಸಲು ನೋಡಿದರು. ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ತಿಂಗಳು ಆಗುವಷ್ಟರಲ್ಲಿ ಎರಡೂ ಗುಂಪಿನಲ್ಲಿ 90%ಕ್ಕಿಂತ ಜಾಸ್ತಿ ಜನರ ಲಯ ಸರಿ ಇತ್ತು.

ಕಿಡಿ
ಮೂವರಲ್ಲಿ ಒಬ್ಬರಿಗೆ ಬರುತ್ತದೆ ಅಂದಮಾತ್ರಕ್ಕೆ ಅದನ್ನು ಒಪ್ಪಿಕೊಂಡು ಕೂರಬೇಕಾ? ಎಲ್ಲರಿಗೂ ಆಗುತ್ತದೆ ಅನ್ನುವುದು ತಪ್ಪಿಸಿಕೊಳ್ಳುವ ಮಾತು. ತಡೆಯುವುದಕ್ಕೆ ಏನು ಮಾಡಿದಿರಿ ಅಂತ ಕೇಳಬೇಕು.

ಓದುಗುಳಿ
ಕಿಡಿ ಕೇಳಿದ್ದರಲ್ಲಿ ನ್ಯಾಯ ಇದೆ. ತಡೆಯುವ ದಾರಿಗಳು ಇವೆ. ಬಡಿತದ ವೇಗ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ಹಳೆಯದು, ಅದನ್ನು ನಿಲ್ಲಿಸದೆ ಮುಂದುವರಿಸುವುದೇ ಅರ್ಧ ಕೆಲಸ. ಅಪಾಯ ಜಾಸ್ತಿ ಇದ್ದವರಿಗೆ ಅಮಿಯೊಡರೋನ್ ಅನ್ನುವ, ಲಯ ಸರಿಪಡಿಸುವ ಮದ್ದು ಕೊಡುತ್ತಾರೆ.

ನನಗೆ ತುಂಬಾ ಹಿಡಿಸಿದ್ದು 2021ರ ಪಾಲಾಕ್ಸ್ ಅಧ್ಯಯನ. ನ್ಯೂಯಾರ್ಕಿನ ಒಂದೇ ಕೇಂದ್ರದಲ್ಲಿ, 420 ರೋಗಿಗಳ ಮೇಲೆ ನಡೆಯಿತು. ಹೃದಯದ ಸುತ್ತ ಇರುವ ಚೀಲಕ್ಕೆ ಹಿಂದುಗಡೆ, ಎಡಕ್ಕೆ ಒಂದು ಸೀಳು ಹಾಕಿದರು. ಹೃದಯದ ಹಿಂದೆ ನಿಂತ ದ್ರವ ಶ್ವಾಸಕೋಶದ ಕಡೆಗೆ ಹರಿದುಹೋಗುತ್ತದೆ, ಅಲ್ಲಿಂದ ಡ್ರೈನ್‌ಗೆ, ಅಂದರೆ ದ್ರವ ಹೊರಗೆ ಹಾಕುವ ಟ್ಯೂಬಿಗೆ. ಎಎಫ್ 32%ದಿಂದ 17%ಕ್ಕೆ ಇಳಿಯಿತು. ಹೊಸ ಮಾತ್ರೆ ಇಲ್ಲ, ಹೊಸ ಯಂತ್ರ ಇಲ್ಲ. ಕತ್ತರಿ ಒಂದು ಸಲ ಆಡಿಸಿದ್ದು ಅಷ್ಟೇ. ಆದರೆ ಒಂದೇ ಕೇಂದ್ರದ ಫಲಿತಾಂಶ ಅನ್ನುವುದು ನೆನಪಿರಲಿ.

ಹಾದಿಹೋಕ
ರಕ್ತದಲ್ಲಿ ಪೊಟ್ಯಾಸಿಯಂ 4.5ರ ಮೇಲೆ ಇಟ್ಟರೆ ಎಎಫ್ ಬರುವುದಿಲ್ಲ. ಎಲ್ಲ ಕಡೆ ಹಾಗೇ ಮಾಡುತ್ತಾರೆ.

ಓದುಗುಳಿ
@ಹಾದಿಹೋಕ ಎಲ್ಲ ಕಡೆ ಮಾಡುತ್ತಿದ್ದರು, ಸರಿ. ಅದನ್ನೇ 2024ರಲ್ಲಿ ಪರೀಕ್ಷೆ ಮಾಡಿ ನೋಡಿದರು. ಅಧ್ಯಯನದ ಹೆಸರು ಟೈಟ್-ಕೆ. ಬ್ರಿಟನ್ ಮತ್ತು ಜರ್ಮನಿಯ 23 ಕೇಂದ್ರಗಳು, ಬೈಪಾಸ್ ಆದ 1690 ಜನ. ಒಂದು ಗುಂಪಿಗೆ 4.5ಕ್ಕಿಂತ ಕೆಳಗೆ ಇಳಿದಾಗಲೇ ಪೊಟ್ಯಾಸಿಯಂ ಕೊಟ್ಟರು. ಇನ್ನೊಂದು ಗುಂಪಿಗೆ 3.6ಕ್ಕಿಂತ ಕೆಳಗೆ ಹೋದರೆ ಮಾತ್ರ. ಎಎಫ್ ಬಂದದ್ದು 26.2% ಮತ್ತು 27.8%. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ರಾತ್ರಿಪಾಳಿ
ಆ ಅಧ್ಯಯನ ಬಂದಾಗ ಡಾಕ್ಟರುಗಳಿಗಿಂತ ನಮಗೇ ಖುಷಿ ಜಾಸ್ತಿ ಆಯಿತು. ಪೊಟ್ಯಾಸಿಯಂ ದ್ರಾವಣ ಕುಡಿಸುವ ಕಷ್ಟ ಕುಡಿಸಿದವರಿಗೇ ಗೊತ್ತು. ಮೊದಲೇ ವಾಕರಿಕೆ, ಅದರ ಮೇಲೆ ಇದು. ಸಣ್ಣ ನರಕ್ಕೆ ಹಾಕಿದರೆ ಕೈ ಉರಿಯುತ್ತದೆ ಅಂತ ಬೈಗುಳ. ಆದರೂ ಹಳೆ ಚಾರ್ಟಿನಲ್ಲಿ 4.5 ಅಂತ ಬರೆದದ್ದನ್ನು ಅಳಿಸುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ.

ಹಳೇಪೇಷಂಟ್
ಅಪ್ಪ ಗೋಡೆ ತೋರಿಸಿದ್ದು ಓದಿ ನನಗೆ ನನ್ನದೇ ಕಥೆ ನೆನಪಾಯಿತು. ವಾಲ್ವ್ ಬದಲಾಯಿಸಿದ ಮೇಲೆ ನನಗೂ ಡೆಲಿರಿಯಂ, ಅಂದರೆ ತಾತ್ಕಾಲಿಕ ಬುದ್ಧಿಭ್ರಮೆ, ಬಂದಿತ್ತು. ಹೊರಗಿನವರಿಗೆ ಅದು ಬಡಬಡಿಕೆ. ಒಳಗಿದ್ದವನಿಗೆ ಮಾತ್ರ ನೂರಕ್ಕೆ ನೂರು ನಿಜ. ನರ್ಸುಗಳು ಸೇರಿಕೊಂಡು ನನ್ನನ್ನು ಎಲ್ಲಿಗೋ ಸಾಗಿಸುತ್ತಿದ್ದಾರೆ ಅಂತ ನಂಬಿದ್ದೆ. ಹೆಂಡತಿಯೂ ಅವರ ಕಡೆ ಸೇರಿದ್ದಾಳೆ ಅಂತ. ಟ್ಯೂಬ್ ಕಿತ್ತುಕೊಳ್ಳಲು ಹೋಗಿದ್ದೆನಂತೆ. ಆಮೇಲೆ ಬಹಳ ದಿನ ಅದರ ಬಗ್ಗೆ ಮಾತಾಡಲು ನಾಚಿಕೆ ಆಗುತ್ತಿತ್ತು.

ಮನೆಯವರಿಗೆ ಒಂದು ಮಾತು. ವಾದ ಮಾಡಬೇಡಿ. "ಗೋಡೆ ಮೇಲೆ ಏನೂ ಇಲ್ಲ ಅಪ್ಪಾ" ಅಂತ ಹತ್ತು ಸಲ ಹೇಳಿದರೆ ಅವರಿಗೆ ಭಯ ಜಾಸ್ತಿ ಆಗುತ್ತದೆ ಅಷ್ಟೇ. ಕನ್ನಡಕ ಹಾಕಿ. ಕಿವಿಗೆ ಮಷಿನ್ ಇದ್ದರೆ ಅದನ್ನೂ ಹಾಕಿ. ಇವತ್ತು ಯಾವ ವಾರ, ಎಲ್ಲಿದ್ದೀರಿ ಅಂತ ಸುಮ್ನೆ ಹೇಳುತ್ತಿರಿ. ನನ್ನನ್ನು ದಡ ಮುಟ್ಟಿಸಿದ್ದು ಪರಿಚಯದ ಒಂದು ದನಿ.

ರಾತ್ರಿಪಾಳಿ
👆 ಇದನ್ನು ಪ್ರಿಂಟ್ ಹಾಕಿಸಿ ಐಸಿಯು ಬಾಗಿಲಿಗೆ ಅಂಟಿಸಬೇಕು. ಕನ್ನಡಕ, ಶ್ರವಣಯಂತ್ರ, ಹಗಲು ಬೆಳಕು, ರಾತ್ರಿ ಕತ್ತಲೆ, ಬೇಗ ಎಬ್ಬಿಸಿ ಕೂರಿಸುವುದು, ನೋವು ಕಡಿಮೆ ಮಾಡುವುದು. ಮದ್ದಿಗಿಂತ ಇವೇ ಮುಖ್ಯ. ಡೆಕ್ಸ್‌ಮೆಡಿಟೊಮಿಡಿನ್ ಅನ್ನುವ ಮಂಪರಿನ ಮದ್ದು ಕೊಟ್ಟರೆ ಎಎಫ್, ಡೆಲಿರಿಯಂ ಎರಡೂ ಕಡಿಮೆ ಆಗಬಹುದು ಅಂತ ದೊಡ್ಡ ಆಸೆ ಇತ್ತು. 2020ರ ಡೆಕೇಡ್ ಅಧ್ಯಯನದಲ್ಲಿ ಎರಡೂ ಕಡಿಮೆ ಆಗಲಿಲ್ಲ.

ಕಿಡಿ
ಡೆಲಿರಿಯಂ ಬಿಡಿ. ಹಾರ್ಟ್-ಲಂಗ್ ಮಷಿನ್ (ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಮೇಲೆ ಹಾಕಿದವರ ಬುದ್ಧಿ ಶಾಶ್ವತವಾಗಿ ಮಂಕಾಗುತ್ತದೆ ಅಂತ ಅಧ್ಯಯನವೇ ಇದೆ. 2001ರದ್ದು. ಬೈಪಾಸ್ ಆದವರಲ್ಲಿ 53% ಜನರಿಗೆ ಮನೆಗೆ ಹೋಗುವ ಹೊತ್ತಿಗೆ ನೆನಪು, ಗಮನ ಕುಗ್ಗಿತ್ತು. ಆರು ತಿಂಗಳಿಗೆ 24% ಆಯಿತು. ಐದು ವರ್ಷಕ್ಕೆ ಮತ್ತೆ 42%ಕ್ಕೆ ಏರಿತು. ಇದನ್ನು ಆಪರೇಷನ್ನಿಗೆ ಮೊದಲು ಯಾರಾದರೂ ಹೇಳುತ್ತಾರಾ?

ಸಂಖ್ಯೆಗಾರ
ಅಂಕಿ ಸರಿ, ತೀರ್ಮಾನ ತಪ್ಪು. ಆ ಅಧ್ಯಯನದಲ್ಲಿ ಹೋಲಿಸಿ ನೋಡಲು ಆಪರೇಷನ್ ಆಗದ ಗುಂಪೇ ಇರಲಿಲ್ಲ. ವಯಸ್ಸಾದ, ರಕ್ತನಾಳದ ಕಾಯಿಲೆ ಇರುವ ಮನುಷ್ಯ ಐದು ವರ್ಷದಲ್ಲಿ ಆಪರೇಷನ್ ಇಲ್ಲದೆಯೂ ಸ್ವಲ್ಪ ಮರೆಗುಳಿ ಆಗುತ್ತಾನೆ. ಆಮೇಲೆ ಜಾನ್ಸ್ ಹಾಪ್ಕಿನ್ಸ್‌ನವರು ಹೃದ್ರೋಗ ಇದ್ದೂ ಬೈಪಾಸ್ ಮಾಡಿಸದವರನ್ನು ಜೊತೆಗಿಟ್ಟು ವರ್ಷಗಟ್ಟಲೆ ನೋಡಿದರು. ದೀರ್ಘಕಾಲದ ಕುಸಿತ ಎರಡು ಕಡೆಯೂ ಒಂದೇ ಥರ ಇತ್ತು. ಮೊದಲ ಕೆಲವು ವಾರ ಮಂಕು ಕವಿಯುವುದು ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಶಾಶ್ವತ ಮತ್ತು ಮಷಿನ್ನಿಂದಲೇ ಅನ್ನುವುದಕ್ಕೆ ಆಧಾರ ಗಟ್ಟಿ ಇಲ್ಲ.

ಪಂಪ್‌ಮನೆ
ಕೊನೆಗೂ ಯಾರೋ ಹೇಳಿದರು! ಪರ್ಫ್ಯೂಷನಿಸ್ಟ್ ನಾನು, ಆ ಮಷಿನ್ ನಡೆಸುವವನು. ಏನೇ ಆದರೂ ಬೈಗುಳ ಬರುವುದು ನಮ್ಮ ಮಷಿನ್ನಿಗೇ. 1953ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಈ ಮಷಿನ್ ಬಳಸಿ ಹುಡುಗಿಯೊಬ್ಬಳ ಹೃದಯದ ತೂತು ಮುಚ್ಚಿದರು. ಆವತ್ತಿನಿಂದ ಇವತ್ತಿನವರೆಗೆ ಎಷ್ಟು ಬದಲಾಗಿದೆ ಅಂತ ಯಾರಿಗೂ ಆಸಕ್ತಿ ಇಲ್ಲ.

ಮಷಿನ್ ಇಲ್ಲದೆ, ಬಡಿಯುವ ಹೃದಯದ ಮೇಲೇ ಹೊಲಿದರೆ ಎಲ್ಲ ಸರಿಹೋಗುತ್ತದೆ ಅಂತ ಒಂದು ಕಾಲದಲ್ಲಿ ಭಾರಿ ಅಲೆ ಎದ್ದಿತ್ತು. ಸರಿ, ಪರೀಕ್ಷೆ ಮಾಡಿದರು. ಕೊರೊನರಿ ಅಧ್ಯಯನ: 19 ದೇಶ, 4752 ರೋಗಿಗಳು. ಐದು ವರ್ಷಕ್ಕೆ ಸಾವು, ಪಾರ್ಶ್ವವಾಯು, ಹೃದಯಾಘಾತ ಯಾವುದರಲ್ಲೂ ಗಣನೀಯ ವ್ಯತ್ಯಾಸ ಇಲ್ಲ. ಅಮೆರಿಕದ ಮಾಜಿ ಸೈನಿಕರ ರೂಬಿ ಅಧ್ಯಯನ: 2203 ಜನ. ಅಲ್ಲಿ ಐದು ವರ್ಷಕ್ಕೆ ಮಷಿನ್ ಇಲ್ಲದ ಗುಂಪಿನಲ್ಲೇ ಸಾವು ಜಾಸ್ತಿ.

ಕಿಡಿ
ರೂಬಿಯಲ್ಲಿ ಸರ್ಜನ್‌ಗಳಿಗೆ ಆ ವಿಧಾನದಲ್ಲಿ ಅನುಭವ ಕಡಿಮೆ ಇತ್ತು ಅನ್ನುವ ಟೀಕೆಯನ್ನು ಬೇಕಂತಲೇ ಬಿಟ್ಟಿರಾ?

ಪಂಪ್‌ಮನೆ
ಆ ಟೀಕೆ ಇದೆ, ತೂಕವೂ ಇದೆ. ಮಹಾಪಧಮನಿಯಲ್ಲಿ ತುಂಬಾ ಸುಣ್ಣ ಕಟ್ಟಿದ್ದರೆ ಅದನ್ನು ಮುಟ್ಟದೆ ಮಾಡುವ ಪಳಗಿದ ಕೈಗೆ ಬೆಲೆ ಇದ್ದೇ ಇದೆ. ನಾನು ಹೇಳಿದ್ದು, ಎಲ್ಲದಕ್ಕೂ ಮಷಿನ್ ಬೈಯಬೇಡಿ ಅಂತ ಅಷ್ಟೇ.

ಗಾಳಿಪಟ
ಇಷ್ಟೆಲ್ಲ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಕಿಡ್ನಿ ಬಗ್ಗೆ ಯಾರೂ ಹೇಳಲಿಲ್ಲ. ಡಯಾಲಿಸಿಸ್ ಬೇಕಾಗುತ್ತದೇನೋ ಅಂತ ಅಮ್ಮ ಹೆದರಿದ್ದಾರೆ.

ಓದುಗುಳಿ
ಕ್ರಿಯಾಟಿನಿನ್ ಸ್ವಲ್ಪ ಏರಿ ಇಳಿಯುವುದು ತುಂಬಾ ಜನರಿಗೆ ಆಗುತ್ತದೆ. ಡಯಾಲಿಸಿಸ್‌ವರೆಗೆ ಹೋಗುವವರು ಕೆಲವೇ ಜನ. ಆದರೆ ಸಣ್ಣ ಏರಿಕೆಯನ್ನೂ ಲೆಕ್ಕಕ್ಕೆ ಇಡಬೇಕು, ಯಾಕೆಂದರೆ ಮುಂದಿನ ಅಪಾಯದ ಸುಳಿವು ಅದರಲ್ಲಿ ಇರುತ್ತದೆ.

2024ರಲ್ಲಿ ಪ್ರೊಟೆಕ್ಷನ್ ಅನ್ನುವ ಅಧ್ಯಯನ ಬಂತು, 3511 ಜನರದ್ದು. ಆಪರೇಷನ್ ಹೊತ್ತಿನಿಂದ ನರದ ಮೂಲಕ ಅಮೈನೋ ಆಮ್ಲ ಕೊಟ್ಟರು. ಕಿಡ್ನಿಗೆ ಪೆಟ್ಟು ಬಿದ್ದವರು 31.7%ದಿಂದ 26.9%ಕ್ಕೆ ಇಳಿದರು. ಅದಕ್ಕೂ ಮುಂಚೆ, 2017ರಲ್ಲಿ ಜರ್ಮನಿಯ ಇನ್ನೊಂದು ಅಧ್ಯಯನ. ಅಪಾಯ ಇರುವವರನ್ನು ಮೂತ್ರದ ಪರೀಕ್ಷೆಯಿಂದ ಮೊದಲೇ ಗುರುತಿಸಿದರು. ರಕ್ತದೊತ್ತಡ, ದ್ರವ, ಸಕ್ಕರೆ ಇವುಗಳ ಮೇಲೆ ಕಣ್ಣಿಟ್ಟರು, ಕಿಡ್ನಿಗೆ ಆಗದ ಮದ್ದು ದೂರ ಇಟ್ಟರು. ಇಷ್ಟಕ್ಕೇ 72%ದಷ್ಟಿದ್ದ ಪೆಟ್ಟು 55%ಕ್ಕೆ ಬಂತು. ಇದು ಮೊದಲೇ ಅಪಾಯದಲ್ಲಿದ್ದವರ ಗುಂಪು, ಅದಕ್ಕೇ ಅಂಕಿ ಇಷ್ಟು ದೊಡ್ಡದು. ಅಮ್ಮನಿಗೆ ಓದಿ ಹೇಳಬೇಡಿ!

ರಾತ್ರಿಪಾಳಿ
ಮನೆಗೆ ಹೋದಮೇಲೆ ಎದೆನೋವು, ಬೆನ್ನುನೋವು ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆ ನೀವಾಗಿ ಕೊಡಬೇಡಿ. ಬೈಪಾಸ್ ಆದ ಹೊಸತರಲ್ಲಿ ಅವು ಕಿಡ್ನಿಗೂ ಆಗದು, ಹೃದಯಕ್ಕೂ ಆಗದು. ಮಾತ್ರೆಯ ಜೊತೆ ಬರುವ ಎಚ್ಚರಿಕೆಯಲ್ಲೇ ಇದು ಇರುತ್ತದೆ, ಯಾರೂ ಓದುವುದಿಲ್ಲ.

ಸಂಖ್ಯೆಗಾರ
ಈಗ ಮೂಲ ಪ್ರಶ್ನೆಗೆ ಬರೋಣ, ಎಲ್ಲರೂ ಅದನ್ನು ಬಿಟ್ಟು ಎಲ್ಲೆಲ್ಲೋ ಹೋದಿರಿ. ತೊಡಕು ಬಂತು ಅಂದರೆ ಆರೈಕೆ ಕೆಟ್ಟದು ಅಂತ ಅರ್ಥವಾ?

2009ರ ಒಂದು ಅಧ್ಯಯನ ನನ್ನ ಯೋಚನೆಯನ್ನು ಪೂರ್ತಿ ತಿರುಗಿಸಿತು. ಅಮೆರಿಕದ ಆಸ್ಪತ್ರೆಗಳ 84,730 ರೋಗಿಗಳ ದಾಖಲೆ. ಸಾವು ಅತಿ ಕಡಿಮೆ ಇರುವ ಆಸ್ಪತ್ರೆಗಳು ಒಂದು ಕಡೆ, ಅತಿ ಜಾಸ್ತಿ ಇರುವವು ಇನ್ನೊಂದು ಕಡೆ. ತೊಡಕು ಬಂದವರ ಪ್ರಮಾಣ ನೋಡಿದರೆ ಒಂದು ಗುಂಪಿನಲ್ಲಿ 24.6%, ಇನ್ನೊಂದರಲ್ಲಿ 26.9%. ಹೆಚ್ಚುಕಡಿಮೆ ಒಂದೇ! ಆದರೆ ದೊಡ್ಡ ತೊಡಕು ಬಂದವರಲ್ಲಿ ಸತ್ತವರು ಒಳ್ಳೆಯ ಕಡೆ 12.5%, ಇನ್ನೊಂದು ಕಡೆ 21.4%. ಇದು ಹೊಟ್ಟೆ ಮತ್ತು ರಕ್ತನಾಳದ ಶಸ್ತ್ರಚಿಕಿತ್ಸೆಗಳದ್ದು. ಆಮೇಲೆ ಹೃದಯದ ಶಸ್ತ್ರಚಿಕಿತ್ಸೆಯಲ್ಲೂ ಇದೇ ರೀತಿ ಲೆಕ್ಕ ಹಾಕಲು ಶುರು ಮಾಡಿದರು.

ಅಂದರೆ ತೊಡಕು ಎಲ್ಲ ಕಡೆ ಬರುತ್ತದೆ. ಬಂದದ್ದು ಯಾರ ಕಣ್ಣಿಗೆ, ಎಷ್ಟು ಬೇಗ ಬಿತ್ತು, ಆಮೇಲೆ ಏನಾಯಿತು? ವ್ಯತ್ಯಾಸ ಇರುವುದು ಅಲ್ಲಿ. ಗಾಳಿಪಟ ಅವರು ಆ ಪ್ರಶ್ನೆಗಳನ್ನೇ ಕೇಳಬೇಕು. ಎಎಫ್ ಬಂದದ್ದು ಯಾವಾಗ ಗೊತ್ತಾಯಿತು? ಕ್ರಿಯಾಟಿನಿನ್ ಏರಿದಾಗ ಯಾವ ಮದ್ದು ನಿಲ್ಲಿಸಿದರು?

ರಾತ್ರಿಪಾಳಿ
ಇದಕ್ಕೆ ನನ್ನದೊಂದು ಉದಾಹರಣೆ. ಎದೆಯ ಡ್ರೈನಿನಲ್ಲಿ ರಕ್ತ ಬರುತ್ತಾ ಇರುತ್ತದೆ, ಥಟ್ಟನೆ ನಿಲ್ಲುತ್ತದೆ. ಹೊಸಬರು "ಸದ್ಯ, ರಕ್ತ ನಿಂತಿತು" ಅನ್ನುತ್ತಾರೆ. ಹಳಬರಿಗೆ ಎದೆ ಝಲ್ಲೆನ್ನುತ್ತದೆ. ಟ್ಯೂಬಿನಲ್ಲಿ ಹೆಪ್ಪು ಕಟ್ಟಿ, ರಕ್ತ ಹೃದಯದ ಸುತ್ತ ತುಂಬುತ್ತಿರಬಹುದು. ಒತ್ತಡ ಇಳಿಯುತ್ತದೆ, ಮೂತ್ರ ಕಡಿಮೆ ಆಗುತ್ತದೆ, ಕುತ್ತಿಗೆಯ ನರದ ಒತ್ತಡ ಏರುತ್ತದೆ. ಇದೇ ಟ್ಯಾಂಪೊನೇಡ್. ಇದನ್ನು ಬೇಗ ಹಿಡಿದರೆ ರೋಗಿ ಬದುಕುತ್ತಾನೆ. ಹೃದಯ ನಿಂತೇ ಹೋದರೆ, ಮೊದಲ ಉಪಾಯಗಳಿಗೆ ಬಗ್ಗದಿದ್ದರೆ, ಐದು ನಿಮಿಷದೊಳಗೆ ಎದೆಯನ್ನು ಮತ್ತೆ ತೆರೆಯಬೇಕು ಅನ್ನುವುದು ನಿಯಮ. ಐಸಿಯು ಹಾಸಿಗೆಯಲ್ಲೇ. ಅದಕ್ಕೆ ನಾವು ತಾಲೀಮು ಮಾಡುತ್ತೇವೆ, ಬೊಂಬೆ ಇಟ್ಟುಕೊಂಡು.

ಹಾದಿಹೋಕ
ಐದು ನಿಮಿಷ!! ಓದಿ ನನ್ನ ಬಡಿತವೇ ತಪ್ಪಿತು.

ಕಿಡಿ
ಸಂಖ್ಯೆಗಾರರೇ, ಒಪ್ಪಿದೆ. ಆದರೆ ಈ ಅಂಕಿ ರೋಗಿಗೆ ಸಿಗುವುದು ಹೇಗೆ? ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಸಾವುಗಳ ಬಗ್ಗೆ ದೊಡ್ಡ ವಿಚಾರಣೆ ಆಗಿ 2001ರಲ್ಲಿ ವರದಿ ಬಂತು. ಒಳಗಿದ್ದ ಅರಿವಳಿಕೆ ತಜ್ಞರೊಬ್ಬರು ವರ್ಷಗಟ್ಟಲೆ ಎಚ್ಚರಿಸುತ್ತಿದ್ದರು, ಯಾರೂ ಕಿವಿಗೊಡಲಿಲ್ಲ. ಅಂಕಿ ಎಲ್ಲರ ಮುಂದೆ ಇದ್ದಿದ್ದರೆ ಅಷ್ಟು ಮಕ್ಕಳು ಸಾಯುತ್ತಿದ್ದರಾ? ನ್ಯೂಯಾರ್ಕ್ ರಾಜ್ಯದಲ್ಲಿ 1990ರ ದಶಕದಿಂದ ಬೈಪಾಸ್ ಸಾವಿನ ಲೆಕ್ಕವನ್ನು ಆಸ್ಪತ್ರೆ, ಸರ್ಜನ್ ಹೆಸರಿನ ಸಮೇತ ಪ್ರಕಟಿಸುತ್ತಾರೆ. ಎಲ್ಲ ಕಡೆ ಹಾಗೆ ಮಾಡಲಿ.

ಸಂಖ್ಯೆಗಾರ
ಪ್ರಕಟಿಸಬೇಕು, ನಾನೂ ಒಪ್ಪುತ್ತೇನೆ. ಆದರೆ ಬರೀ ಸಾವಿನ ಅಂಕಿ ಹಾಕಿದರೆ ಕಷ್ಟದ ರೋಗಿಗಳನ್ನು ಯಾರೂ ಮುಟ್ಟುವುದಿಲ್ಲ. ತುಂಬಾ ಸುಸ್ತಾದ ಹೃದಯ, ಕೆಟ್ಟ ಕಿಡ್ನಿ, ಎರಡನೇ ಸಲದ ಆಪರೇಷನ್. ಇಂಥವರಿಗೇ ಒಳ್ಳೆಯ ಸರ್ಜನ್ ಬೇಕು. ಅದಕ್ಕೇ ಯೂರೋಸ್ಕೋರ್ ಥರದ ಲೆಕ್ಕ ಇರುವುದು. ವಯಸ್ಸು, ಕಿಡ್ನಿ, ಹೃದಯದ ಬಲ ಎಲ್ಲ ಹಾಕಿ, ಇಷ್ಟು ಅಪಾಯ ಇತ್ತು, ಫಲಿತಾಂಶ ಅದಕ್ಕಿಂತ ಚೆನ್ನಾಗಿದೆಯಾ, ಕೆಟ್ಟದ್ದಾ ಅಂತ ನೋಡಬೇಕು.

ಪಂಪ್‌ಮನೆ
ಸರ್ಜನ್ ಹೆಸರು ಮಾತ್ರ ಹಾಕುವುದು ಅರ್ಧ ಚಿತ್ರ. ರೋಗಿಯನ್ನು ಆಪರೇಷನ್ ಥಿಯೇಟರಿನಿಂದ ಐಸಿಯುವಿಗೆ ಒಪ್ಪಿಸುವ ಹತ್ತು ನಿಮಿಷ ನೋಡಿ. ವೈರು, ಟ್ಯೂಬು, ಪಂಪು, ಎಲ್ಲರೂ ಒಟ್ಟಿಗೆ ಮಾತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯವರು ಇದನ್ನು ಸರಿಮಾಡಲು ಫೆರಾರಿ ರೇಸ್ ತಂಡದ ಸಲಹೆ ಕೇಳಿದರು. ಕಾರು ನಿಂತ ಕೆಲವೇ ಸೆಕೆಂಡಿನಲ್ಲಿ ಚಕ್ರ ಬದಲಾಯಿಸುವವರು ಗಲಾಟೆ ಇಲ್ಲದೆ ಹೇಗೆ ಮಾಡುತ್ತಾರೆ ಅಂತ. ಯಾರು ಎಲ್ಲಿ ನಿಲ್ಲಬೇಕು, ಯಾರು ಮೊದಲು ಮಾತಾಡಬೇಕು ಅಂತ ಗೆರೆ ಎಳೆದರು. 2007ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹೇಳದೆ ಬಿಟ್ಟುಹೋಗುವ ಮಾಹಿತಿ ಸುಮಾರು ಅರ್ಧಕ್ಕೆ ಇಳಿದಿತ್ತು.

ಹಾದಿಹೋಕ
ಈಗಿನ ಫೆರಾರಿಯ ರೇಸ್ ತಂತ್ರ ನೋಡಿದರೆ ಅವರೇ ಆಸ್ಪತ್ರೆಗೆ ಬಂದು ಕಲಿಯಬೇಕು 😂

ಕಿಡಿ
ನಮ್ಮ ನಡುವೆ ಮೊದಲ ಸಲ ಒಮ್ಮತ.

ಉಸಿರುಗಾರ
ಫಿಸಿಯೋಥೆರಪಿಸ್ಟ್ ಇಲ್ಲಿ. ಶ್ವಾಸಕೋಶವನ್ನು ಎಲ್ಲರೂ ಮರೆತಿರಿ. ಉಸಿರೆಳೆದು ಚೆಂಡು ಏರಿಸುವ ಆ ಪ್ಲಾಸ್ಟಿಕ್ ಆಟಿಕೆ ಕೈಗೆ ಕೊಟ್ಟರೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡಿದ್ದಾರೆ. ನಿಜವಾದ ಲಾಭ ಆಪರೇಷನ್ನಿಗೆ ಮುಂಚಿನ ತಯಾರಿಯಲ್ಲಿದೆ. ನೆದರ್‌ಲೆಂಡ್ಸ್‌ನಲ್ಲಿ 2006ರಲ್ಲಿ, ಅಪಾಯ ಜಾಸ್ತಿ ಇದ್ದ 279 ಜನರಲ್ಲಿ ಅರ್ಧದಷ್ಟು ಮಂದಿಗೆ ಬೈಪಾಸ್‌ಗೆ ಮೊದಲು ಉಸಿರಾಟದ ಸ್ನಾಯುಗಳ ವ್ಯಾಯಾಮ ಮಾಡಿಸಿದರು. ಶ್ವಾಸಕೋಶದ ತೊಡಕು 35%ದಿಂದ 18%ಕ್ಕೆ ಬಂತು. ಆಪರೇಷನ್ ದಿನಕ್ಕೆ ಕಾಯುತ್ತಾ ಸುಮ್ನೆ ಮಲಗಿರುವ ದಿನಗಳಿವೆಯಲ್ಲ, ಅವನ್ನೇ ಬಳಸಿಕೊಂಡರು.

ಇನ್ನೊಂದು. "ಮೂರು ತಿಂಗಳು ಕೈ ಎತ್ತಬೇಡಿ, ಏನೂ ಹಿಡಿಯಬೇಡಿ" ಅಂತ ಹೆದರಿಸುತ್ತಾರೆ. ಎದೆಮೂಳೆ ಕೂಡಲು ಎಚ್ಚರ ಬೇಕು, ಸರಿ. ಆದರೆ ಮೊಣಕೈ ಮೈಗೆ ಹತ್ತಿರ ಇಟ್ಟುಕೊಂಡು ಕೈ ಬಳಸಿದರೆ ಪರವಾಗಿಲ್ಲ. ಈ ಸಡಿಲ ನಿಯಮವನ್ನು ಕಟ್ಟುನಿಟ್ಟಿನ ನಿಯಮದ ಜೊತೆ ಹೋಲಿಸಿದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಚೇತರಿಕೆ ಒಂದೇ ಥರ ಇತ್ತು. ಚಿಕ್ಕ ಅಧ್ಯಯನ, 72 ಜನ. ಆದರೂ ಹೆದರಿ ಮರಗಟ್ಟಿದ ಭುಜ ನೋಡಿ ನೋಡಿ ನನಗೆ ಸಾಕಾಗಿದೆ.

ರಾತ್ರಿಪಾಳಿ
ಎಲ್ಲರಿಗೂ ಹಾಗೆ ಹೇಳಬೇಡಿ ಮಾರಾಯರೇ. ಸಕ್ಕರೆ ಕಾಯಿಲೆ, ದಪ್ಪ ಮೈ, ಸಿಗರೇಟು ಮೂರೂ ಇರುವವರ ಎದೆಮೂಳೆ ಬಿಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ. ಬೈಪಾಸ್‌ಗೆ ಬಳಸಲು ಎದೆಯ ಒಳಗಿನ ಎರಡೂ ರಕ್ತನಾಳ ತೆಗೆದಿದ್ದರೆ ಇನ್ನೂ ಜಾಗ್ರತೆ ಬೇಕು. 3102 ಜನರ ಆರ್ಟ್ ಅಧ್ಯಯನದಲ್ಲಿ, ಒಂದು ನಾಳ ತೆಗೆದವರಲ್ಲಿ ಎದೆಮೂಳೆಯ ತೊಂದರೆ 1.9% ಇದ್ದರೆ ಎರಡೂ ತೆಗೆದವರಲ್ಲಿ 3.5%. ಮೂಳೆ ಕಟಕಟ ಅಂದರೆ, ಗಾಯದಿಂದ ನೀರು ಬಂದರೆ, ಜ್ವರ ಬಂದರೆ ಆವತ್ತೇ ತೋರಿಸಬೇಕು.

ಉಸಿರುಗಾರ
ಅಂಥವರಿಗೆ ಬೇರೆ ನಿಯಮ, ಒಪ್ಪಿದೆ. ಎಲ್ಲರಿಗೂ ಒಂದೇ ಚೀಟಿ ಕೊಡುವುದಕ್ಕೆ ನನ್ನ ತಕರಾರು.

ಹಳೇಪೇಷಂಟ್
ಯಾರೂ ಹೇಳದ ಸಣ್ಣ ವಿಷಯಗಳನ್ನು ನಾನು ಹೇಳುತ್ತೇನೆ. ಬೈಪಾಸ್ ಆದವರಿಗೆ ಎದೆಯ ಎಡಭಾಗ ತಿಂಗಳುಗಟ್ಟಲೆ ಮರಗಟ್ಟಿದ ಹಾಗೆ ಇರಬಹುದು, ಅಲ್ಲಿಂದ ರಕ್ತನಾಳ ಬಿಡಿಸಿರುತ್ತಾರೆ. ಕಿರುಬೆರಳು ಜೋಮು ಹಿಡಿಯುತ್ತದೆ. ಎದೆ ಅಗಲಿಸುವಾಗ ಭುಜದ ಹತ್ತಿರದ ನರ ಎಳೆದದ್ದು ಅಂತ ನನಗೆ ಆಮೇಲೆ ಗೊತ್ತಾಯಿತು. ನಾನಂತೂ ಪಾರ್ಶ್ವವಾಯು ಅಂತ ರಾತ್ರಿಯೆಲ್ಲ ಎದ್ದು ಕೂತಿದ್ದೆ. ಇನ್ನೊಂದು, ಅಳು. ಕಾರಣವೇ ಇಲ್ಲದೆ ಅಳು ಬರುತ್ತದೆ.

ಸಂಖ್ಯೆಗಾರ
ಅಳುವನ್ನು ಸಣ್ಣ ವಿಷಯದ ಪಟ್ಟಿಗೆ ಹಾಕಬೇಡಿ. ಬೈಪಾಸ್ ಆದ 817 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2003ರಲ್ಲಿ ಬಂತು. ಖಿನ್ನತೆ ಗಟ್ಟಿಯಾಗಿ ಇದ್ದವರಲ್ಲಿ, ಹೋಗದೆ ಉಳಿದವರಲ್ಲಿ ಸಾವು ಜಾಸ್ತಿ ಇತ್ತು. 2009ರಲ್ಲಿ 302 ಜನರಿಗೆ ಇನ್ನೊಂದು ಪ್ರಯೋಗ. ಅರ್ಧ ಜನರಿಗೆ ನರ್ಸ್‌ಗಳು ಫೋನ್ ಮಾಡಿ ವಿಚಾರಿಸುತ್ತಾ, ಬೇಕಾದವರಿಗೆ ಚಿಕಿತ್ಸೆ ಕೊಡಿಸುತ್ತಾ ಬಂದರು. ಅವರ ಮನಸ್ಸೂ ಸುಧಾರಿಸಿತು, ಓಡಾಟವೂ ಸುಧಾರಿಸಿತು.

ಗಾಳಿಪಟ
ಕೊನೆಯ ಪ್ರಶ್ನೆ. ಎಎಫ್ ನಿಂತಿದೆ ಅಂದರು. ಆದರೂ ರಕ್ತ ತೆಳು ಮಾಡುವ ಮಾತ್ರೆ ಬರೆದಿದ್ದಾರೆ. ಬೇಕಾ? ಎಷ್ಟು ದಿನ?

ಓದುಗುಳಿ
ಎಎಫ್ ಬಂದುಹೋದರೂ ಹೆಪ್ಪು ಕಟ್ಟಿ ಪಾರ್ಶ್ವವಾಯು ಆಗುವ ಅಪಾಯ ಸ್ವಲ್ಪ ಕಾಲ ಇರುತ್ತದೆ. 2023ರ ಅಮೆರಿಕದ ಮಾರ್ಗಸೂಚಿ, ರಕ್ತಸ್ರಾವದ ಅಪಾಯ ಜಾಸ್ತಿ ಇಲ್ಲದಿದ್ದರೆ 60 ದಿನ ಕೊಟ್ಟು, ಲಯ ನೋಡಿ, ಆಮೇಲೆ ಮುಂದುವರಿಸಬೇಕಾ ಅಂತ ಯೋಚಿಸುವುದು ಸೂಕ್ತ ಅನ್ನುತ್ತದೆ. ಆಸ್ಪಿರಿನ್ ಜೊತೆಗೆ ಇದೂ ಸೇರಿದರೆ ರಕ್ತ ಸೋರುವ ಅಪಾಯ ಏರುತ್ತದೆ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ನಿಲ್ಲಿಸುವ ಅಥವಾ ಮರುಪರಿಶೀಲಿಸುವ ತಾರೀಖು ಬರೆಸಿಕೊಳ್ಳಿ. ಕಿಡ್ನಿ ಅಂಕಿ ನೋಡಿ ಡೋಸ್ ಹಾಕಿದ್ದಾರಾ ಅಂತಲೂ ಕೇಳಿ.

ರಾತ್ರಿಪಾಳಿ
ತಾರೀಖು ಬರೆಸಿಕೊಳ್ಳುವುದನ್ನು ಮರೆಯಬೇಡಿ. ಎರಡು ತಿಂಗಳಿಗೆ ಅಂತ ಶುರುವಾದ ಮಾತ್ರೆಯನ್ನು ಎರಡು ವರ್ಷ ನುಂಗಿದವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಅಮಿಯೊಡರೋನ್ ಕೊಟ್ಟಿದ್ದರೆ ಅದಕ್ಕೂ ಬರೆಸಿ. ಅದು ಥೈರಾಯ್ಡ್, ಶ್ವಾಸಕೋಶ ಎರಡಕ್ಕೂ ಕೈ ಹಾಕುವ ಮದ್ದು.

ಗಾಳಿಪಟ
ಅಮಿಯೊಡರೋನ್ ಇದೆ. ತಾರೀಖು ಇಲ್ಲ. ಈಗಲೇ ಹೋಗಿ ಕೇಳುತ್ತೇನೆ.